ಟೆಸ್ಟ್‌ಗಳಲ್ಲಿ ಉಳಿದುಹೋದ ಶಾ-1 ಸರ್ಟಿಫಿಕೇಟ್‌ಗಳನ್ನು ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಟೆಸ್ಟ್ ಫೋಲ್ಡರ್‌ನ ಮೂಲೆಯಲ್ಲಿ ವರ್ಷಗಟ್ಟಲೆ ಯಾರೂ ಮುಟ್ಟದೆ ಬಿದ್ದಿದ್ದ ಸರ್ಟಿಫಿಕೇಟ್ ಒಂದು ದಿನ ಬಿಲ್ಡನ್ನೇ ನಿಲ್ಲಿಸಿಬಿಡುತ್ತದೆ. ಆಗ ಹುಟ್ಟುವ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಮಾತುಕತೆಯಲ್ಲಿ, ಪತ್ರಗಳಲ್ಲಿ, ಕೋಡ್ ರಿವ್ಯೂ ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಬಂದವನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಟಿಎಲ್‌ಎಸ್ ಎಂಬ ಸುರಕ್ಷಿತ ಸಂಪರ್ಕದಲ್ಲಿ ಸರ್ವರ್ ತನ್ನ ಗುರುತಿಗೆಂದು ತೋರಿಸುವುದು ಸರ್ಟಿಫಿಕೇಟ್, ಅದಕ್ಕೆ ಸಹಿ ಹಾಕುವುದು ಸಿಎ (ಸರ್ಟಿಫಿಕೇಟ್ ಅಥಾರಿಟಿ). ಸಹಿಗೆ ಮುಂಚೆ ಸರ್ಟಿಫಿಕೇಟನ್ನು ಚಿಕ್ಕ ಗುರುತಾಗಿ, ಅಂದರೆ ಹ್ಯಾಶ್ ಆಗಿ, ಇಳಿಸುವ ಹಳೆಯ ವಿಧಾನ ಶಾ-1, ಅದರ ಜಾಗಕ್ಕೆ ಬಂದದ್ದು ಶಾ-256. ಉದಾಹರಣೆಗಳು ಹೆಚ್ಚಾಗಿ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯವು. ಜಾವಾ, ಗೋ ಭಾಷೆಗಳ ರೀತಿನೀತಿ ಬೇರೆಯಾದ ಕಡೆ ಅದನ್ನೂ ಹೇಳಿದ್ದೇನೆ.

## ಮೊದಲು ತಿಳಿಯಬೇಕಾದವು

ನಿನ್ನೆ ತನಕ ಪಾಸ್ ಆಗ್ತಿದ್ದ ಟಿಎಲ್‌ಎಸ್ ಟೆಸ್ಟ್‌ಗಳು ಓಎಸ್ ಅಪ್‌ಗ್ರೇಡ್ ಮಾಡಿದ ಕೂಡಲೇ ಫೇಲ್ ಆಗ್ತಿವೆ. ಕೋಡ್ ಮುಟ್ಟೇ ಇಲ್ಲ. ಏನಾಗಿದೆ?

ಕೋಡ್ ಬದಲಾಗಿಲ್ಲ ನಿಜ. ಅದರ ಅಡಿಯಲ್ಲಿರುವ ಲೈಬ್ರರಿ ಬಿಗಿಯಾಗಿದೆ. ಓಪನ್‌ಎಸ್‌ಎಸ್‌ಎಲ್ 2016ರ 1.1.0 ಆವೃತ್ತಿಯಿಂದ ‘ಸೆಕ್ಯುರಿಟಿ ಲೆವೆಲ್’ ಎಂಬ ಏರ್ಪಾಡು ತಂದಿತು. ಲೆವೆಲ್ 1ಕ್ಕೆ ಕನಿಷ್ಠ 80 ಬಿಟ್ ಬಲ (ಮುರಿಯಲು ಬೇಕಾಗುವ ಶ್ರಮದ ಅಳತೆ) ಬೇಕು, ಲೆವೆಲ್ 2ಕ್ಕೆ 112 ಬಿಟ್. ಶಾ-1 ಸಹಿಯನ್ನು ಆಗ 80 ಬಿಟ್ ಎಂದೇ ಲೆಕ್ಕ ಹಿಡಿಯುತ್ತಿದ್ದರು, ಹಾಗಾಗಿ ಲೆವೆಲ್ 1ರಲ್ಲಿ ಅದು ಹೇಗೋ ದಾಟಿಕೊಳ್ಳುತ್ತಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಬಂದ 3.0 ಆವೃತ್ತಿ ಆ ಅಂಕವನ್ನು 63ಕ್ಕೆ ಇಳಿಸಿತು. ಅಲ್ಲಿಗೆ ಲೆವೆಲ್ 1ರಲ್ಲೂ ಅದಕ್ಕೆ ಜಾಗವಿಲ್ಲ. 2023ರ ನವೆಂಬರ್‌ನ 3.2ರಲ್ಲಿ ಡೀಫಾಲ್ಟ್ ಲೆವೆಲ್ಲೇ 2 ಆಯಿತು. ಅದರಿಂದ ಆರ್‌ಎಸ್‌ಎ ಎಂಬ ಸಹಿ ಪದ್ಧತಿಯ 1024 ಬಿಟ್ ಕೀಗಳೂ ಹೊರಬಿದ್ದವು.

ಓಎಸ್‌ಗಳು ತಮ್ಮದೇ ಗತಿಯಲ್ಲಿ ಬಿಗಿ ಮಾಡಿದವು. ಡೆಬಿಯನ್ 10 ಓಪನ್‌ಎಸ್‌ಎಸ್‌ಎಲ್‌ಗಿಂತಲೂ ಮುಂಚೆ, 2019ರಲ್ಲೇ ಲೆವೆಲ್ 2ನ್ನು ಡೀಫಾಲ್ಟ್ ಮಾಡಿತ್ತು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ತನ್ನ ಸಿಸ್ಟಮ್ ಮಟ್ಟದ ಕ್ರಿಪ್ಟೋ ಪಾಲಿಸಿಯಲ್ಲೇ ಶಾ-1 ಸಹಿಗಳನ್ನು ತಡೆಯುತ್ತದೆ. ಪೈಥಾನ್ 3.10 ಕೂಡ ತನ್ನ ಎಸ್‌ಎಸ್‌ಎಲ್ ಮಾಡ್ಯೂಲ್‌ಗೆ ಲೆವೆಲ್ 2 ಹಾಕಿತು. ಸಹೋದ್ಯೋಗಿಯ ಲ್ಯಾಪ್‌ಟಾಪ್‌ನಲ್ಲಿ ಹಸಿರು, ಸಿಐ (ಕೋಡ್ ಬದಲಾದಾಗಲೆಲ್ಲ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ) ಸರ್ವರ್‌ನಲ್ಲಿ ಕೆಂಪು ಎಂಬ ದೂರು ಬಂದರೆ ಮೊದಲು ಎರಡೂ ಕಡೆಯ ಓಎಸ್ ಮತ್ತು ಲೈಬ್ರರಿ ಆವೃತ್ತಿ ನೋಡಿ.

ಎರರ್‌ನಲ್ಲಿ ‘ಸಿಎ ಎಂಡಿ ಟೂ ವೀಕ್’ ಅಂತ ಬರುತ್ತೆ. ನಮ್ಮ ಸಿಎ ಸರ್ಟಿಫಿಕೇಟ್ ಶಾ-256ರಲ್ಲೇ ಇದೆಯಲ್ಲ?

ಈ ಸಂದೇಶ ಬಹಳ ಜನರನ್ನು ದಾರಿ ತಪ್ಪಿಸಿದೆ. ‘ಎಂಡಿ’ ಎಂದರೆ ಮೆಸೇಜ್ ಡೈಜೆಸ್ಟ್, ಅಂದರೆ ಹ್ಯಾಶ್. ಸಿಎ ಎಂದು ಹೆಸರಿದ್ದರೂ ಅದು ತಕರಾರು ಎತ್ತುತ್ತಿರುವುದು ಸಿಎ ಹಾಕಿದ *ಸಹಿಯ* ಬಗ್ಗೆ. ಆ ಸಹಿ ಇರುವುದು ಸರ್ವರ್ ಸರ್ಟಿಫಿಕೇಟ್‌ನ ಮೇಲೂ ಆಗಿರಬಹುದು, ಮಧ್ಯಂತರ ಸಿಎ ಮೇಲೂ ಆಗಿರಬಹುದು. ಹಾಗಾಗಿ ಸರಪಳಿಯ (ರೂಟ್ ಸಿಎಯಿಂದ ಸರ್ವರ್‌ವರೆಗೆ ಒಂದಕ್ಕೊಂದು ಸಹಿಯಿಂದ ಕೂಡಿದ ಸರ್ಟಿಫಿಕೇಟ್‌ಗಳ ಸಾಲಿನ) ಪ್ರತಿಯೊಂದನ್ನೂ ಬಿಡಿಬಿಡಿಯಾಗಿ ತೆರೆದು ನೋಡಿ.

ಓಪನ್‌ಎಸ್‌ಎಸ್‌ಎಲ್‌ನ ಎಕ್ಸ್509 ಕಮಾಂಡ್‌ನಲ್ಲಿ ಟೆಕ್ಸ್ಟ್ ಆಯ್ಕೆ ಕೊಟ್ಟರೆ ‘ಸಿಗ್ನೇಚರ್ ಅಲ್ಗಾರಿದಮ್’ ಎಂಬ ಸಾಲು ಎರಡು ಸಲ ಕಾಣುತ್ತದೆ. ಒಂದು ಮೇಲ್ಗಡೆ, ಸೀರಿಯಲ್ ನಂಬರ್ ಆದ ತಕ್ಷಣ. ಇನ್ನೊಂದು ತೀರಾ ಕೆಳಗೆ, ಸಹಿಯ ಬೈಟ್‌ಗಳ ಮುಂಚೆ. ಮೊದಲನೆಯದು ಸಹಿಗೆ ಒಳಪಡುವ ಭಾಗದಲ್ಲಿದೆ, ಎರಡನೆಯದು ಅದರ ಹೊರಗಿದೆ. ಎರಡೂ ಒಂದೇ ಆಗಿರಲೇಬೇಕು ಎನ್ನುತ್ತದೆ ಮಾನದಂಡ. ನಡುವೆ ಬರುವ ‘ಪಬ್ಲಿಕ್ ಕೀ ಅಲ್ಗಾರಿದಮ್’ ಎಂಬ ಸಾಲು ಬೇರೆಯೇ ವಿಷಯ, ಅದು ಈ ಸರ್ಟಿಫಿಕೇಟ್‌ನ ಒಡೆಯನ ಕೀ ಯಾವ ಬಗೆಯದು ಎಂದಷ್ಟೇ ಹೇಳುತ್ತದೆ. ಆರ್‌ಎಸ್‌ಎ ಕೀ ಇರುವ ಸರ್ಟಿಫಿಕೇಟ್‌ಗೆ ಇಸಿಡಿಎಸ್‌ಎ (ಇನ್ನೊಂದು ಸಹಿ ಪದ್ಧತಿ) ಕೀಯ ಸಿಎ ಸಹಿ ಹಾಕಿರಬಹುದು.

ಶಾ-1ರಲ್ಲಿ ನಿಜಕ್ಕೂ ಏನು ಕೆಟ್ಟಿದೆ? ಸುಮ್ಮನೆ ಹೆದರಿಸ್ತಾರಾ?

ಸಿಎ ಸಹಿ ಹಾಕುವುದು ಸರ್ಟಿಫಿಕೇಟ್‌ನ ಹ್ಯಾಶ್ ಮೇಲೆ. ಒಂದೇ ಹ್ಯಾಶ್ ಬರುವ ಎರಡು ಬೇರೆ ಬೇರೆ ಸರ್ಟಿಫಿಕೇಟ್ ತಯಾರಿಸಬಲ್ಲವನು ಸಾಧುವಾದದ್ದನ್ನು ಸಿಎ ಮುಂದಿಟ್ಟು ಸಹಿ ಪಡೆದು, ಆ ಸಹಿಯನ್ನು ಇನ್ನೊಂದಕ್ಕೆ ಅಂಟಿಸಬಹುದು.

ಇದು ಬರೀ ಕಾಗದದ ಮೇಲಿನ ಅಪಾಯವಲ್ಲ. 2008ರ ಡಿಸೆಂಬರ್‌ನಲ್ಲಿ ಸಂಶೋಧಕರ ತಂಡವೊಂದು ಸುಮಾರು 200 ಪ್ಲೇಸ್ಟೇಷನ್ 3 ಯಂತ್ರಗಳನ್ನು ಜೋಡಿಸಿ, ಎಂಡಿ5 ಎಂಬ ಇನ್ನೂ ಹಳೆಯ ಹ್ಯಾಶ್‌ನ ದೌರ್ಬಲ್ಯ ಬಳಸಿ, ಬ್ರೌಸರ್‌ಗಳು ನಂಬುವ ನಕಲಿ ಸಿಎ ಸರ್ಟಿಫಿಕೇಟನ್ನೇ ಮಾಡಿ ತೋರಿಸಿತು. 2012ರಲ್ಲಿ ಬೆಳಕಿಗೆ ಬಂದ ಫ್ಲೇಮ್ ಎಂಬ ಮಾಲ್‌ವೇರ್ ಇದೇ ಜಾತಿಯ ಎಂಡಿ5 ದಾಳಿಯಿಂದ ಮೈಕ್ರೋಸಾಫ್ಟ್ ಸಹಿ ಇದ್ದಂತೆ ಕಾಣುವ ಕೋಡ್ ಹರಡಿತ್ತು. ಶಾ-1ರ ಸರದಿ ಬಂದದ್ದು 2017ರ ಫೆಬ್ರವರಿಯಲ್ಲಿ. ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್ ಸೇರಿ ಒಂದೇ ಶಾ-1 ಹ್ಯಾಶ್ ಇರುವ ಎರಡು ಪಿಡಿಎಫ್ ಪ್ರಕಟಿಸಿದವು. 2020ರ ಜನವರಿಯಲ್ಲಿ ಇನ್ನೊಂದು ಮೆಟ್ಟಿಲು: ಎರಡು ಕಡತಗಳ ಆರಂಭವನ್ನು ದಾಳಿಕೋರ ತನಗೆ ಬೇಕಾದಂತೆ ಆರಿಸಿಕೊಂಡು ಹ್ಯಾಶ್ ಹೊಂದಿಸಬಲ್ಲ ಎಂದು ಲ್ಯೂರಾಂ ಮತ್ತು ಪೇರಾಂ ತೋರಿಸಿದರು. ಸರ್ಟಿಫಿಕೇಟ್ ನಕಲು ಮಾಡಲು ಬೇಕಾದದ್ದು ಈ ಎರಡನೇ ಬಗೆಯದೇ.

ಸಾರ್ವಜನಿಕ ಸಿಎಗಳು 2016ರ ಜನವರಿ 1ರಿಂದಲೇ ಶಾ-1ರಲ್ಲಿ ಸರ್ವರ್ ಸರ್ಟಿಫಿಕೇಟ್ ಕೊಡುವುದನ್ನು ನಿಲ್ಲಿಸಬೇಕಾಯಿತು. ಕ್ರೋಮ್, ಫೈರ್‌ಫಾಕ್ಸ್ 2017ರ ಆರಂಭದಲ್ಲಿ ಬಾಗಿಲು ಹಾಕಿದವು.

ಇದು ಬರೀ ಟೆಸ್ಟ್ ಸರ್ಟಿಫಿಕೇಟ್ ಅಲ್ವಾ? ಇದನ್ನು ಯಾರು ನಕಲು ಮಾಡೋಕೆ ಕೂತಿರ್ತಾರೆ?

ಯಾರೂ ಇಲ್ಲ. ಈ ಮಾತನ್ನು ನಾನೂ ಒಪ್ಪುತ್ತೇನೆ. ಪ್ರೈವೇಟ್ ಕೀ ರಿಪಾಸಿಟರಿಯಲ್ಲೇ ಬಿದ್ದಿರುವಾಗ ಹ್ಯಾಶ್ ಮುರಿಯುವ ಕಷ್ಟ ಯಾರಿಗೆ ಬೇಕು? ಇನ್ನೂ ಹೇಳಬೇಕೆಂದರೆ, ಈಗಾಗಲೇ ಇರುವ ಒಂದು ಶಾ-1 ಸರ್ಟಿಫಿಕೇಟ್‌ಗೆ ಹೊಂದುವ ಜೋಡಿಯನ್ನು ಹೊರಗಿನಿಂದ ಹುಡುಕುವ ದಾರಿ ಇವತ್ತಿಗೂ ಇಲ್ಲ. ದಾಳಿ ನಡೆಯುವುದು ಹೊಸದಾಗಿ ಸಹಿ ಪಡೆಯುವಾಗ.

ಅಪಾಯ ಇರುವುದು ಸರ್ಟಿಫಿಕೇಟ್‌ನಲ್ಲಿ ಅಲ್ಲ, ಅದನ್ನು ಉಳಿಸಿಕೊಳ್ಳಲು ನೀವು ಮಾಡುವ ಸೆಟ್ಟಿಂಗ್‌ನಲ್ಲಿ. ಹಳೆ ಸಹಿ ಓಡಲಿ ಎಂದು ಟೆಸ್ಟ್ ಪರಿಸರವನ್ನು ಸಡಿಲ ಮಾಡಿದ ಕ್ಷಣದಿಂದ ನೀವು ಪರೀಕ್ಷಿಸುತ್ತಿರುವುದು ಗ್ರಾಹಕರ ಕೈಗೆ ಹೋಗುವ ಸಾಫ್ಟ್‌ವೇರನ್ನಲ್ಲ. ಭದ್ರತೆಯ ಟೆಸ್ಟ್‌ನಲ್ಲಿ ಭದ್ರತೆಯನ್ನೇ ಆಫ್ ಮಾಡಿಟ್ಟು ಬಂದ ಹಸಿರು ಗುರುತಿಗೆ ಕಾಸಿನ ಬೆಲೆಯಿಲ್ಲ.

ಶಾ-256ರಲ್ಲಿ ಹೊಸದು ಮಾಡಿದ ಮೇಲೂ ‘ಶಾ-1 ಫಿಂಗರ್‌ಪ್ರಿಂಟ್’ ಅಂತ ತೋರಿಸ್ತಿದೆ. ತಪ್ಪಾಯ್ತಾ?

ಇಲ್ಲ. ಫಿಂಗರ್‌ಪ್ರಿಂಟ್ ಸರ್ಟಿಫಿಕೇಟ್‌ನ ಒಳಗಿಲ್ಲ. ಅದನ್ನು ತೋರಿಸುವ ಉಪಕರಣ ಇಡೀ ಸರ್ಟಿಫಿಕೇಟ್‌ನ ಹ್ಯಾಶ್ ಲೆಕ್ಕ ಹಾಕಿ ಆಗಿಂದಾಗಲೇ ಬರೆದು ತೋರಿಸುತ್ತದೆ. ಸಬ್ಜೆಕ್ಟ್ ಕೀ ಐಡೆಂಟಿಫೈಯರ್‌ನಲ್ಲೂ ಸಾಮಾನ್ಯವಾಗಿ ಶಾ-1 ಹ್ಯಾಶ್ ಇರುತ್ತದೆ, ಅದು ಸರಪಳಿ ಜೋಡಿಸಲು ಬಳಸುವ ಗುರುತಷ್ಟೇ. ಎರಡನ್ನೂ ಬಿಟ್ಟುಬಿಡಿ.

## ಬದಲಿಸುವ ಕೆಲಸ

ರಿಲೀಸ್ ತಲೆ ಮೇಲಿದೆ. ಸದ್ಯಕ್ಕೆ ಸೆಕ್ಯುರಿಟಿ ಲೆವೆಲ್ 0 ಮಾಡಿ ಆಮೇಲೆ ಸರಿ ಮಾಡೋಣ್ವಾ?

ಬೇಡ. ‘ಸದ್ಯಕ್ಕೆ’ ಎಂದು ಹಾಕಿದ ಸಾಲು ಎಷ್ಟು ವರ್ಷ ಬಾಳುತ್ತದೆ ಎಂದು ತಿಳಿಯಬೇಕಾದರೆ ನಿಮ್ಮದೇ ರಿಪಾಸಿಟರಿಯ ಇತಿಹಾಸ ತೆಗೆದು ನೋಡಿ. ಅಲ್ಲದೆ ಲೆವೆಲ್ 0 ಎಂದರೆ ಶಾ-1 ಒಂದಕ್ಕೆ ವಿನಾಯಿತಿ ಅಲ್ಲ. ಎಂಡಿ5, 512 ಬಿಟ್ ಕೀ, ದುರ್ಬಲ ಸೈಫರ್‌ಗಳು ಎಲ್ಲವೂ ಒಟ್ಟಿಗೆ ಒಳಬರುತ್ತವೆ. ರೆಡ್ ಹ್ಯಾಟ್ ಯಂತ್ರದಲ್ಲಿ ಪಾಲಿಸಿಗೆ ಶಾ-1 ಉಪಪಾಲಿಸಿ ಸೇರಿಸಿದರೆ ಅದು ಆ ಯಂತ್ರದ ಎಲ್ಲ ಪ್ರೋಗ್ರಾಮ್‌ಗಳಿಗೂ ಅನ್ವಯಿಸುತ್ತದೆ.

ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲದಿದ್ದರೆ, ಬಿದ್ದ ಟೆಸ್ಟ್‌ಗಳನ್ನು ಹೆಸರು ಹಿಡಿದು ಸ್ಕಿಪ್ ಮಾಡಿ, ಕಾರಣ ಬರೆದಿಡಿ. ಸ್ಕಿಪ್ ಆದದ್ದು ವರದಿಯಲ್ಲಿ ಕಣ್ಣಿಗೆ ಬೀಳುತ್ತದೆ. ಸಡಿಲವಾದದ್ದು ಬೀಳುವುದಿಲ್ಲ.

ರಿಪಾಸಿಟರಿ ದೊಡ್ಡದು. ಹಳೆ ಸರ್ಟಿಫಿಕೇಟ್‌ಗಳೆಲ್ಲ ಎಲ್ಲೆಲ್ಲಿ ಅಡಗಿವೆ ಅಂತ ಹುಡುಕೋದು ಹೇಗೆ?

ಪೆಮ್, ಸಿಆರ್‌ಟಿ, ಡರ್ ವಿಸ್ತರಣೆಯ ಕಡತಗಳು ಸುಲಭ. ಅವನ್ನು ಲೂಪ್‌ನಲ್ಲಿ ಹಾಕಿ ಒಂದೊಂದರ ಸಹಿ ಅಲ್ಗಾರಿದಮ್ ಬರೆಸಿಕೊಂಡರೆ ಪಟ್ಟಿ ಸಿದ್ಧ. ಒಂದೇ ಪೆಮ್ ಕಡತದಲ್ಲಿ ಮೂರ್ನಾಲ್ಕು ಸರ್ಟಿಫಿಕೇಟ್ ಇದ್ದಾಗ ಎಕ್ಸ್509 ಕಮಾಂಡ್ ಮೊದಲನೆಯದನ್ನು ಮಾತ್ರ ಓದುತ್ತದೆ ಎಂಬುದು ನೆನಪಿರಲಿ. ಸಿಎ ಬಂಡಲ್‌ಗಳಲ್ಲಿ ಎರಡನೆಯದೇ ಶಾ-1 ಆಗಿ ಕೂತಿರುತ್ತದೆ.

ಕಷ್ಟ ಇರುವುದು ಉಳಿದ ಕಡೆ. ಕೀ ಮತ್ತು ಸರ್ಟಿಫಿಕೇಟ್‌ಗಳನ್ನು ಒಟ್ಟಿಗೆ ಕಟ್ಟಿಡುವ ಜಾವಾ ಕೀಸ್ಟೋರ್‌ಗಳು ಮತ್ತು ಪಿ12 ಕಡತಗಳು ಪಾಸ್‌ವರ್ಡ್ ಕೇಳುತ್ತವೆ. ಪಾಸ್‌ವರ್ಡ್ ಸಾಮಾನ್ಯವಾಗಿ ಟೆಸ್ಟ್ ಕೋಡ್‌ನಲ್ಲೇ ಬರೆದಿರುತ್ತದೆ. ಕೋಡ್‌ನೊಳಗೆ ಸ್ಟ್ರಿಂಗ್ ಆಗಿ ಅಂಟಿಸಿದವನ್ನು ‘ಬಿಗಿನ್ ಸರ್ಟಿಫಿಕೇಟ್’ ಎಂಬ ಸಾಲು ಹುಡುಕಿ ಹಿಡಿಯಬಹುದು. ಬೈಟ್ ಅರೇ ಆಗಿದ್ದರೆ ಮೊದಲೆರಡು ಬೈಟ್‌ಗಳು ಬಹುತೇಕ ಹೆಕ್ಸ್ 30, 82 ಆಗಿರುತ್ತವೆ. ಉಪಕರಣ ಹೆಸರಿನ ಬದಲು ಅಂಕಿ ತೋರಿಸಿದರೆ, 1.2.840.113549.1.1.5 ಎಂದರೆ ಶಾ-1 ಆರ್‌ಎಸ್‌ಎ. ಕೊನೆಯ ಅಂಕಿ 4 ಇದ್ದರೆ ಎಂಡಿ5, 11 ಇದ್ದರೆ ಶಾ-256.

ಹುಡುಕಿದ ಪಟ್ಟಿಯನ್ನು ಎಸೆಯಬೇಡಿ. ಅದೇ ಸ್ಕ್ರಿಪ್ಟನ್ನು ಸಿಐಗೆ ಸೇರಿಸಿದರೆ ನಾಳೆ ಯಾರಾದರೂ ಹಳೆ ಪ್ರಾಜೆಕ್ಟ್‌ನಿಂದ ನಕಲು ಮಾಡಿ ತಂದದ್ದೂ ಸಿಕ್ಕಿಬೀಳುತ್ತದೆ.

ಬದಲಿಗೆ ಯಾವ ಅಲ್ಗಾರಿದಮ್ ಹಾಕಬೇಕು? ದೊಡ್ಡದಿದ್ದಷ್ಟೂ ಒಳ್ಳೇದು ಅಂತ ಶಾ-512 ಹಾಕಲಾ?

ನಿಮ್ಮ ಪ್ರೊಡಕ್ಷನ್‌ನಲ್ಲಿ ಏನಿದೆಯೋ ಅದನ್ನೇ ಹಾಕಿ. ಹೆಚ್ಚಿನವರಿಗೆ ಅದು 2048 ಬಿಟ್ ಆರ್‌ಎಸ್‌ಎ ಜೊತೆ ಶಾ-256, ಇಲ್ಲವೇ ಪಿ-256 ಕರ್ವ್‌ನ ಇಸಿಡಿಎಸ್‌ಎ ಜೊತೆ ಶಾ-256. ಎರಡಕ್ಕೂ ಒಂದೊಂದು ಸರಪಳಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಒಂದನ್ನೇ ಪರೀಕ್ಷಿಸಿದ ಕೋಡ್ ಇನ್ನೊಂದು ಬಂದಾಗ ಎಡವುವುದುಂಟು. ಎಡ್25519 ಚೊಕ್ಕವಾದ ಅಲ್ಗಾರಿದಮ್. ಆದರೆ ಬ್ರೌಸರ್‌ಗಳು ಸರ್ಟಿಫಿಕೇಟ್‌ಗಳಲ್ಲಿ ಅದನ್ನು ಒಪ್ಪುತ್ತವೆ ಎಂದು ನೆಚ್ಚಿಕೊಳ್ಳುವಂತಿಲ್ಲ, ಆದ್ದರಿಂದ ಬ್ರೌಸರ್ ಮುಟ್ಟುವ ಟೆಸ್ಟ್‌ಗಳಿಗೆ ಬೇಡ. ಶಾ-512ರಿಂದ ಟೆಸ್ಟ್‌ಗೆ ಯಾವ ಲಾಭವೂ ಇಲ್ಲ.

ಹಳೆ ಕೀಗೇ ಹೊಸ ಸಹಿ ಹಾಕಿದ್ರೆ ಸಾಕಾ, ಅಥವಾ ಕೀ ಕೂಡ ಹೊಸದು ಬೇಕಾ?

ಕೀ 2048 ಬಿಟ್ ಅಥವಾ ಹೆಚ್ಚಿದ್ದರೆ ಅದನ್ನೇ ಇಟ್ಟುಕೊಂಡು ಸಹಿ ಮಾತ್ರ ಬದಲಿಸಬಹುದು. ಪಬ್ಲಿಕ್ ಕೀ ಪಿನ್ ಮಾಡಿದ (ಇದೇ ಕೀ ಬರಬೇಕು ಎಂದು ಬರೆದಿಟ್ಟ) ಟೆಸ್ಟ್‌ಗಳು ಆಗ ಹಾಗೇ ಓಡುತ್ತವೆ. ಇಡೀ ಸರ್ಟಿಫಿಕೇಟ್‌ನ ಫಿಂಗರ್‌ಪ್ರಿಂಟ್ ಬರೆದಿಟ್ಟ ಟೆಸ್ಟ್‌ಗಳು ಹೇಗೂ ಬೀಳುತ್ತವೆ, ಅವನ್ನು ತಿದ್ದಲೇಬೇಕು. ಆದರೆ ಶಾ-1 ಕಾಲದ ಸರ್ಟಿಫಿಕೇಟ್‌ಗಳ ಜೊತೆ 1024 ಬಿಟ್ ಕೀ ಇರುವುದೇ ಹೆಚ್ಚು. ಅಂಥ ಕಡೆ ಹೊಸ ಕೀಯೇ ಗತಿ.

ಇಲ್ಲಿ ಎರಡು ಗುಂಡಿಗಳಿವೆ. ಒಂದು, ಸಿಎ ಹೆಸರು ಅದೇ, ಸೀರಿಯಲ್ ನಂಬರ್ ಮತ್ತೆ 1 ಎಂದು ಶುರು ಮಾಡಿದರೆ ಫೈರ್‌ಫಾಕ್ಸ್‌ನ ಎನ್‌ಎಸ್‌ಎಸ್ ಲೈಬ್ರರಿ ‘ಅದೇ ಸಿಎ, ಅದೇ ಸೀರಿಯಲ್, ಬೇರೆ ಸರ್ಟಿಫಿಕೇಟ್’ ಎಂದು ತಿರಸ್ಕರಿಸುತ್ತದೆ. ಸೀರಿಯಲ್ ಯಾದೃಚ್ಛಿಕವಾಗಿರಲಿ. ಎರಡು, ಹಳೆ ಕಾನ್ಫಿಗ್‌ಗಳಲ್ಲಿ ಅಥಾರಿಟಿ ಕೀ ಐಡೆಂಟಿಫೈಯರ್‌ಗೆ (ಸಹಿ ಹಾಕಿದ ಸಿಎ ಯಾವುದೆಂದು ಹೇಳುವ ಗುರುತು) ಸಿಎಯ ಹೆಸರು ಮತ್ತು ಸೀರಿಯಲ್ಲನ್ನೂ ಸೇರಿಸುವ ರೂಢಿ ಇತ್ತು. ನೀವು ಸಿಎ ಸರ್ಟಿಫಿಕೇಟ್ ಮಾತ್ರ ಹೊಸ ಸೀರಿಯಲ್‌ನೊಂದಿಗೆ ಮಾಡಿ ಕೆಳಗಿನದನ್ನು ಹಾಗೇ ಬಿಟ್ಟರೆ, ಕೀ ಅದೇ ಆಗಿದ್ದರೂ ಸರಪಳಿ ಕೂಡುವುದಿಲ್ಲ. ಬುಡದಿಂದ ತುದಿವರೆಗೆ ಒಂದೇ ಸಲ ಮಾಡಿ ಮುಗಿಸುವುದು ಲೇಸು.

ರೂಟ್ ಸರ್ಟಿಫಿಕೇಟ್ ಶಾ-1ರಲ್ಲಿದೆ, ಆದ್ರೂ ಯಾರೂ ಬೈತಿಲ್ಲ. ಅದನ್ನೂ ಬದಲಿಸಬೇಕಾ?

ರೂಟನ್ನು ನಂಬುವುದು ಅದು ನಿಮ್ಮ ಟ್ರಸ್ಟ್ ಸ್ಟೋರ್‌ನಲ್ಲಿ (ನಂಬುವ ಸಿಎಗಳ ಪಟ್ಟಿ) ಇರುವುದರಿಂದ, ತನಗೆ ತಾನೇ ಹಾಕಿಕೊಂಡ ಸಹಿಯಿಂದಲ್ಲ. ಅದಕ್ಕೇ ಓಪನ್‌ಎಸ್‌ಎಸ್‌ಎಲ್ ಅಲ್ಲಿ ಹ್ಯಾಶ್ ಬಲ ನೋಡುವುದಿಲ್ಲ. ಗೋ ಭಾಷೆ ಕೂಡ ಶಾ-1 ತಡೆಯುವಾಗ ಸ್ವಯಂ ಸಹಿಯ ರೂಟ್‌ಗಳನ್ನು ಹೊರಗಿಟ್ಟಿತು. ತಾಂತ್ರಿಕವಾಗಿ ಬಿಡಬಹುದು. ಆದರೂ ಬದಲಿಸಿ: ಬಿಟ್ಟರೆ ನಿಮ್ಮ ಹುಡುಕುವ ಸ್ಕ್ರಿಪ್ಟ್‌ಗೆ ಶಾಶ್ವತ ವಿನಾಯಿತಿ ಪಟ್ಟಿಯೊಂದು ಬೇಕಾಗುತ್ತದೆ, ಹೊಸದಾಗಿ ಸೇರಿದವರಿಗೆಲ್ಲ ಇದೇ ವಿವರಣೆ ಕೊಡುತ್ತಿರಬೇಕಾಗುತ್ತದೆ.

ಇದರ ಇನ್ನೊಂದು ಮುಖವೂ ಇದೆ. ಟೆಸ್ಟ್ ಸರ್ವರ್ ಸ್ವಯಂ ಸಹಿಯ ಒಂದೇ ಸರ್ಟಿಫಿಕೇಟ್ ಬಳಸುತ್ತಿದ್ದರೆ ಶಾ-1 ಇದ್ದರೂ ಅದು ಸದ್ದಿಲ್ಲದೆ ಪಾಸಾಗಬಹುದು. ಅಂಥ ಟೆಸ್ಟ್ ಸರಪಳಿ ಪರಿಶೀಲನೆಯನ್ನು ಮುಟ್ಟಿಯೇ ಇಲ್ಲ.

ಇನ್ನೊಮ್ಮೆ ಈ ತಲೆನೋವು ಬೇಡ. ನೂರು ವರ್ಷ ವ್ಯಾಲಿಡಿಟಿ ಕೊಟ್ಟುಬಿಡಲಾ?

ದೀರ್ಘ ಅವಧಿ ಕೊಡುವುದು ತಪ್ಪಲ್ಲ, ಅವಧಿ ಮುಗಿದು ಬೀಳುವ ಟೆಸ್ಟ್‌ಗಳು ಹಳೆ ಆವೃತ್ತಿಯನ್ನು ಮತ್ತೆ ಬಿಲ್ಡ್ ಮಾಡುವವರಿಗೆ ದೊಡ್ಡ ಪೀಡೆ. ಆದರೆ ನೂರು ವರ್ಷದ ದಾರಿಯಲ್ಲಿ ಎರಡು ಗಡಿಗಳಿವೆ. 2038ರ ಜನವರಿಯಲ್ಲಿ 32 ಬಿಟ್‌ನ ಸಮಯದ ಲೆಕ್ಕ ತುಂಬಿಹೋಗುತ್ತದೆ. ಸಣ್ಣ ಸಾಧನಗಳಲ್ಲಿ ಓಡುವ ಟೆಸ್ಟ್‌ಗಳು ಅದರಾಚೆಯ ದಿನಾಂಕ ಕಂಡರೆ ವಿಚಿತ್ರವಾಗಿ ಆಡಬಹುದು. ಇನ್ನೊಂದು 2050. ಅಲ್ಲಿಯವರೆಗಿನ ದಿನಾಂಕಗಳಿಗೆ ಸರ್ಟಿಫಿಕೇಟ್‌ನಲ್ಲಿ ಎರಡಂಕಿಯ ವರ್ಷದ ಬರವಣಿಗೆ, ಅಲ್ಲಿಂದ ಮುಂದಕ್ಕೆ ನಾಲ್ಕಂಕಿಯದು. ಸ್ವಂತ ಪಾರ್ಸರ್ ಬರೆದವರು ಇದನ್ನು ಮರೆತಿರುತ್ತಾರೆ.

ಆಪಲ್ ಸಾಧನಗಳ ಮೇಲೆ ಟೆಸ್ಟ್ ಓಡಿಸುವವರಿಗೆ ಬೇರೆ ಕಟ್ಟುಪಾಡು: 2019ರ ಜುಲೈ 1ರ ನಂತರ ಕೊಟ್ಟ ಸರ್ವರ್ ಸರ್ಟಿಫಿಕೇಟ್‌ಗಳ ಅವಧಿ 825 ದಿನ ಮೀರಿದರೆ ಐಓಎಸ್ 13, ಮ್ಯಾಕ್‌ಓಎಸ್ 10.15 ಮತ್ತು ಮುಂದಿನವು ಒಪ್ಪುವುದಿಲ್ಲ.

ಸಹಿ ಸರಿಯಾಯ್ತು, ಈಗ ‘ಹೋಸ್ಟ್‌ನೇಮ್ ಹೊಂದುತ್ತಿಲ್ಲ’ ಅಂತಿದೆ. ಇದೇನು ಹೊಸ ಕಾಟ?

ಹಳೆಯದೇ ಕಾಟ, ಸಹಿಯ ತಪ್ಪಿನ ಹಿಂದೆ ಅಡಗಿತ್ತು. ಆ ಕಾಲದ ಸರ್ಟಿಫಿಕೇಟ್‌ಗಳು ಸರ್ವರ್ ಹೆಸರನ್ನು ಕಾಮನ್ ನೇಮ್‌ನಲ್ಲಿ ಮಾತ್ರ ಬರೆಯುತ್ತಿದ್ದವು. ಕ್ರೋಮ್ 58 ಅದನ್ನು ನೋಡುವುದನ್ನು 2017ರಲ್ಲೇ ಬಿಟ್ಟಿತು, ಗೋ ಕೂಡ 1.15ರಿಂದ ಡೀಫಾಲ್ಟ್ ಆಗಿ ಬಿಟ್ಟಿತು. ಹೆಸರು, ಐಪಿ ವಿಳಾಸ ಎರಡನ್ನೂ ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್‌ನಲ್ಲಿ ಹಾಕಿ. ಐಪಿಯನ್ನು ಐಪಿ ಎಂದೇ ಹಾಕಬೇಕು, ಡಿಎನ್‌ಎಸ್ ಹೆಸರಿನಂತೆ ಅಲ್ಲ. ಮಧ್ಯಂತರ ಸಿಎಗಳಲ್ಲಿ ‘ಇದು ಸಿಎ’ ಎನ್ನುವ ಬೇಸಿಕ್ ಕನ್‌ಸ್ಟ್ರೇಂಟ್ಸ್ ಇರಲಿ. ಪೈಥಾನ್ 3.13 ತನ್ನ ಡೀಫಾಲ್ಟ್ ಕಾಂಟೆಕ್ಸ್ಟ್‌ನಲ್ಲಿ ಕಟ್ಟುನಿಟ್ಟಿನ ಪರಿಶೀಲನೆ ತಂದಿರುವುದರಿಂದ ಅಥಾರಿಟಿ ಕೀ ಐಡೆಂಟಿಫೈಯರ್ ಇಲ್ಲದವೂ ಅಲ್ಲಿ ಬೀಳುತ್ತವೆ.

ಪಿ12 ಕಡತ ತೆರೆಯೋಕೇ ಆಗ್ತಿಲ್ಲ. ಇದಕ್ಕೂ ಶಾ-1ಗೂ ಸಂಬಂಧ ಇದೆಯಾ?

ಒಳಗಿನ ಸರ್ಟಿಫಿಕೇಟ್‌ಗೆ ಸಂಬಂಧವಿಲ್ಲ, ಹೊರಗಿನ ಬೀಗ ಹಳೆಯದು. ಹಿಂದೆ ಪಿ12 ಕಡತಗಳಲ್ಲಿ ಸರ್ಟಿಫಿಕೇಟ್‌ಗಳನ್ನು 40 ಬಿಟ್ ಆರ್‌ಸಿ2ರಲ್ಲಿ ಗೂಢಲಿಪಿ ಮಾಡುತ್ತಿದ್ದರು. ಓಪನ್‌ಎಸ್‌ಎಸ್‌ಎಲ್ 3.0 ಅದನ್ನು ಲೆಗಸಿ ಪ್ರೊವೈಡರ್‌ಗೆ ತಳ್ಳಿತು. ಲೆಗಸಿ ಆಯ್ಕೆ ಕೊಟ್ಟು ಒಮ್ಮೆ ತೆರೆದು, ಮಾಮೂಲಿ ಆಯ್ಕೆಯಲ್ಲಿ ಮತ್ತೆ ಕಟ್ಟಿ. ಆಗ ಎಇಎಸ್-256 ಬರುತ್ತದೆ.

## ಸ್ವಲ್ಪ ಆಳಕ್ಕೆ

‘ಓಪನ್‌ಎಸ್‌ಎಸ್‌ಎಲ್ ವೆರಿಫೈ’ ಕಮಾಂಡ್ ಓಕೆ ಅನ್ನುತ್ತೆ, ಸರ್ವರ್ ಮಾತ್ರ ಒಪ್ಪಲ್ಲ. ಯಾರ ಮಾತು ನಂಬೋದು?

ಸರ್ವರ್ ಮಾತನ್ನು. ವೆರಿಫೈ ಕಮಾಂಡ್‌ನಲ್ಲಿ ಸೆಕ್ಯುರಿಟಿ ಲೆವೆಲ್ ಡೀಫಾಲ್ಟ್ ಆಗಿ ನಿಗದಿಯಾಗಿರುವುದಿಲ್ಲ, ಅಂದರೆ ಯಾವ ಹ್ಯಾಶ್ ಆದರೂ ನಡೆಯುತ್ತದೆ. ‘ಆಥ್ ಲೆವೆಲ್’ ಆಯ್ಕೆಗೆ 2 ಕೊಟ್ಟು ಓಡಿಸಿ, ಆಗ ಎರಡೂ ಒಂದೇ ಮಾತು ಹೇಳುತ್ತವೆ. ಸರ್ಟಿಫಿಕೇಟ್ ತಯಾರಿಸುವ ಸ್ಕ್ರಿಪ್ಟ್‌ನ ಕೊನೆಯಲ್ಲಿ ಈ ಪರಿಶೀಲನೆ ಇರಿಸಿ.

ಎಲ್ಲ ಹಳೆ ಸರ್ಟಿಫಿಕೇಟ್‌ಗಳನ್ನೂ ಅಳಿಸಿಹಾಕಬಹುದಲ್ಲ?

ಒಂದನ್ನು ಬಿಟ್ಟು. ನಿಮ್ಮ ಸಾಫ್ಟ್‌ವೇರ್ ಶಾ-1 ಸಹಿಯನ್ನು *ತಿರಸ್ಕರಿಸುತ್ತದೆ* ಎಂದು ತೋರಿಸುವ ಟೆಸ್ಟ್ ಬೇಕು, ಅದಕ್ಕೆ ಶಾ-1 ಸರ್ಟಿಫಿಕೇಟೇ ಬೇಕು. ಈ ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಎನಿಸುವ ಭಾಗ ಇದೇ, ಹೆಚ್ಚು ಜನ ಅವಸರದಲ್ಲಿ ಕೆಡಿಸುವುದೂ ಇದನ್ನೇ.

ಉದಾಹರಣೆ ನೋಡಿ. ಯಾರೋ ಹಳೆ ಸರ್ಟಿಫಿಕೇಟನ್ನೇ ‘ಬ್ಯಾಡ್’ ಫೋಲ್ಡರ್‌ಗೆ ಸರಿಸಿ, ‘ಕನೆಕ್ಷನ್ ಫೇಲ್ ಆಗಬೇಕು’ ಎಂದು ಟೆಸ್ಟ್ ಬರೆಯುತ್ತಾರೆ. ಫೇಲ್ ಆಗುತ್ತದೆ, ಟೆಸ್ಟ್ ಹಸಿರಾಗುತ್ತದೆ. ಆದರೆ ಆ ಸರ್ಟಿಫಿಕೇಟ್‌ನ ಅವಧಿ ಎಂದೋ ಮುಗಿದಿದೆ. ಮುಂದೊಂದು ದಿನ ಇನ್ನಾರೋ ಸೆಕ್ಯುರಿಟಿ ಲೆವೆಲ್ಲನ್ನು 0ಗೆ ಇಳಿಸಿದರೂ ಟೆಸ್ಟ್ ಹಸಿರಾಗಿಯೇ ಇರುತ್ತದೆ, ಏಕೆಂದರೆ ಈಗ ಅದು ಅವಧಿಯ ಕಾರಣಕ್ಕೆ ಫೇಲ್ ಆಗುತ್ತಿದೆ. ಕಾವಲಿಗೆ ಇಟ್ಟ ಟೆಸ್ಟ್ ಕಾಯಬೇಕಾದ ಒಂದೇ ಒಂದು ಸಂಗತಿಯನ್ನು ಬಿಟ್ಟುಕೊಟ್ಟಿತು.

ಇದಕ್ಕೆ ಎರಡು ಮದ್ದು. ಫೇಲ್ ಆಯಿತೇ ಎಂದು ಕೇಳಬೇಡಿ, ಯಾಕೆ ಆಯಿತು ಎಂದು ಕೇಳಿ. ಓಪನ್‌ಎಸ್‌ಎಸ್‌ಎಲ್ ಪರಿಶೀಲನೆಯಲ್ಲಿ ದುರ್ಬಲ ಹ್ಯಾಶ್‌ಗೆ ಎರರ್ ಸಂಖ್ಯೆ 68, ಅವಧಿ ಮುಗಿದದ್ದಕ್ಕೆ 10, ಹೋಸ್ಟ್‌ನೇಮ್ ತಪ್ಪಿದ್ದಕ್ಕೆ 62, ಸರ್ವರ್ ಕೀ ಚಿಕ್ಕದಾದರೆ 66. ಟೆಸ್ಟ್ 68ನ್ನೇ ನಿರೀಕ್ಷಿಸಲಿ. ಎರಡನೆಯದು, ಶಾ-1 ಸರ್ಟಿಫಿಕೇಟ್‌ಗೆ ಅವಳಿ ಮಾಡಿ: ಅದೇ ಕೀ, ಅದೇ ಹೆಸರು, ಅದೇ ದಿನಾಂಕ, ಅದೇ ಸಿಎ, ಹ್ಯಾಶ್ ಮಾತ್ರ ಶಾ-256. ಒಂದು ಸೋಲಬೇಕು, ಇನ್ನೊಂದು ಗೆಲ್ಲಬೇಕು. ಎರಡೂ ಸೋತರೆ ನಿಮ್ಮ ಟೆಸ್ಟ್ ಬೇರೇನನ್ನೋ ಅಳೆಯುತ್ತಿದೆ.

ಆ ಒಂದು ಶಾ-1 ಸರ್ಟಿಫಿಕೇಟ್ ಮಾಡೋಕೂ ಹೊಸ ಲೈಬ್ರರಿ ಬಿಡ್ತಿಲ್ಲ. ಏನ್ ಮಾಡೋದು?

ಸಡಿಲ ಪಾಲಿಸಿಯ ಕಂಟೇನರ್‌ನಲ್ಲಿ ಒಮ್ಮೆ ತಯಾರಿಸಿ, ದೀರ್ಘ ಅವಧಿ ಕೊಟ್ಟು, ರಿಪಾಸಿಟರಿಗೆ ಹಾಕಿ. ಹೇಗೆ ಮಾಡಿದಿರಿ ಎಂಬುದನ್ನು ಪಕ್ಕದಲ್ಲೇ ಬರೆದಿಡಿ. ಸಿಐನಲ್ಲಿ ಪ್ರತಿ ಸಲ ಅದನ್ನು ಹುಟ್ಟಿಸಲು ಹೋದರೆ ಸಿಐಯನ್ನೇ ಸಡಿಲಿಸಬೇಕಾಗುತ್ತದೆ, ಅಲ್ಲಿಗೆ ಮತ್ತೆ ಮೊದಲಿನ ಕಥೆ.

ಉಳಿದವನ್ನು ರಿಪಾಸಿಟರಿಯಲ್ಲಿ ಇಡೋದಾ, ಟೆಸ್ಟ್ ಓಡುವಾಗ ಆಗಿಂದಾಗಲೇ ಮಾಡೋದಾ?

ನನ್ನ ಒಲವು ಆಗಿಂದಾಗಲೇ ಮಾಡುವ ಕಡೆಗೆ. ಅವಧಿ ಮುಗಿಯುವ ಪ್ರಶ್ನೆಯೇ ಇಲ್ಲ, ಪ್ರೈವೇಟ್ ಕೀ ಕಮಿಟ್ ಮಾಡಬೇಕಿಲ್ಲ, ಅಲ್ಗಾರಿದಮ್ ಬದಲಿಸುವುದು ಒಂದು ಸಾಲಿನ ಕೆಲಸ. ಪೈಥಾನ್‌ನಲ್ಲಿ ಟ್ರಸ್ಟ್‌ಮೀ ಎಂಬ ಪುಟ್ಟ ಲೈಬ್ರರಿ ಇದಕ್ಕೆಂದೇ ಇದೆ. ಗೋ ಭಾಷೆಯ ಸ್ಟಾಂಡರ್ಡ್ ಲೈಬ್ರರಿಯಲ್ಲೇ ಬೇಕಾದದ್ದೆಲ್ಲ ಸಿಗುತ್ತದೆ. ವೇಗದ ಚಿಂತೆ ಇದ್ದರೆ ಪಿ-256 ಕೀ ಬಳಸಿ. ಆರ್‌ಎಸ್‌ಎ ಕೀ ಹುಟ್ಟಿಸಲು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಬೇಕಾದ್ದರಿಂದ ಸಮಯ ಹಿಡಿಯುತ್ತದೆ, ಪಿ-256ಕ್ಕೆ ಆ ಗೊಡವೆ ಇಲ್ಲ.

ಪಾರ್ಸರ್ ಟೆಸ್ಟ್‌ಗಳಿಗೆ ಮಾತ್ರ ಕಡತವೇ ಸರಿ. ಬೈಟ್‌ಗಳು ಪ್ರತಿ ಸಲ ಒಂದೇ ಇರಬೇಕಲ್ಲ. ಇಸಿಡಿಎಸ್‌ಎ ಸಹಿ ಸಾಮಾನ್ಯವಾಗಿ ಪ್ರತಿ ಸಲ ಬೇರೆ ಬರುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಜಾವಾದಲ್ಲಿ ಶಾ-1 ಸರ್ಟಿಫಿಕೇಟ್ ಟೆಸ್ಟ್ ಪಾಸಾಗ್ತಿದೆ! ಜಾವಾಗೆ ತೊಂದರೆ ಇಲ್ಲ ಅಂತ ತಿಳ್ಕೊಳ್ಳಲಾ?

ತಿಳಿದುಕೊಳ್ಳಬೇಡಿ. ಜಾವಾದ ಸೆಕ್ಯುರಿಟಿ ಕಡತದಲ್ಲಿರುವ ನಿಷೇಧದ ಪಟ್ಟಿಯಲ್ಲಿ ಎಂಡಿ5 ನೇರವಾಗಿಯೇ ಇದೆ. ಆದರೆ ಟಿಎಲ್‌ಎಸ್ ಸರ್ವರ್‌ನ ಶಾ-1 ಮೇಲಿನ ನಿಷೇಧಕ್ಕೆ ಒಂದು ಷರತ್ತು ಅಂಟಿಕೊಂಡಿದೆ: ಸರಪಳಿ ಜೆಡಿಕೆ (ಜಾವಾ ಕಿಟ್) ಜೊತೆಗೇ ಬರುವ ರೂಟ್‌ಗೆ ಹೋಗಿ ಮುಟ್ಟಿದರೆ ಮಾತ್ರ ಅದು ಜಾರಿ. ನಿಮ್ಮ ಸ್ವಂತ ಟೆಸ್ಟ್ ಸಿಎ ಆ ಪಟ್ಟಿಯಲ್ಲಿಲ್ಲ, ಹಾಗಾಗಿ ದಾಟಿಕೊಂಡಿತು. ತಿರಸ್ಕಾರದ ಟೆಸ್ಟ್ ಬರೆಯುವವರು ಷರತ್ತಿಲ್ಲದ ನಿಷೇಧವನ್ನು ಟೆಸ್ಟ್‌ನ ಸೆಕ್ಯುರಿಟಿ ಪ್ರಾಪರ್ಟಿಯಲ್ಲಿ ಬಿಗಿ ಮಾಡಿಕೊಳ್ಳಬೇಕು.

ಗೋ ಇಲ್ಲಿ ನೇರ. 2022ರ 1.18 ಆವೃತ್ತಿಯಿಂದ ಶಾ-1 ಇಲ್ಲ. ಗೋಡೀಬಗ್ ಎಂಬ ಸೆಟ್ಟಿಂಗ್ ಮೂಲಕ ತಾತ್ಕಾಲಿಕ ವಿನಾಯಿತಿ ಇತ್ತು, 1.24ರಲ್ಲಿ ಅದನ್ನೂ ತೆಗೆದರು. ಆ ವಿನಾಯಿತಿಯ ಮೇಲೆ ನಿಂತಿದ್ದ ಟೆಸ್ಟ್‌ಗಳೆಲ್ಲ ಅಲ್ಲಿ ಒಟ್ಟಿಗೆ ಬೀಳುತ್ತವೆ.

ಸರ್ಟಿಫಿಕೇಟ್ ಎಲ್ಲ ಬದಲಾಯ್ತು. ಇನ್ನೂ ಎಲ್ಲೋ ಶಾ-1 ಸಹಿ ಅಂತ ದೂರು ಬರ್ತಿದೆ.

ಸಹಿ ಇರುವುದು ಸರ್ಟಿಫಿಕೇಟ್‌ಗಳಲ್ಲಿ ಮಾತ್ರವಲ್ಲ. ರದ್ದತಿ ಪಟ್ಟಿಗಳು, ಅಂದರೆ ಸಿಆರ್‌ಎಲ್ ಕಡತಗಳು, ಮತ್ತು ಒಸಿಎಸ್‌ಪಿ ಉತ್ತರಗಳ (ಸರ್ಟಿಫಿಕೇಟ್ ರದ್ದಾಗಿದೆಯೇ ಎಂಬ ವಿಚಾರಣೆಗೆ ಬರುವಂಥವು) ಮೇಲೆ ತಮ್ಮದೇ ಸಹಿ ಇರುತ್ತದೆ. ಸಿಎ ಕೀ ಬದಲಿಸಿದ್ದರೆ ಅವೆಲ್ಲ ಹೇಗೂ ಮತ್ತೆ ಸಹಿಯಾಗಬೇಕು. ಸ್ಯಾಮಲ್ (ಲಾಗಿನ್ ಮಾಹಿತಿ ಹಂಚುವ ವ್ಯವಸ್ಥೆ) ಉತ್ತರಗಳ ಎಕ್ಸ್‌ಎಂಎಲ್ ಸಹಿ, ಜಾರ್ ಕಡತಗಳು, ಸಹಿ ಇರುವ ಮಿಂಚಂಚೆಯ ಮಾದರಿಗಳು ಇವೂ ಟೆಸ್ಟ್ ಫೋಲ್ಡರ್‌ಗಳಲ್ಲಿ ಇರುತ್ತವೆ. ಟಿಎಲ್‌ಎಸ್ 1.0 ಮತ್ತು 1.1 ಹ್ಯಾಂಡ್‌ಶೇಕ್‌ನಲ್ಲೇ ಶಾ-1 ಬಳಸುವುದರಿಂದ ಓಪನ್‌ಎಸ್‌ಎಸ್‌ಎಲ್ 3.0ರ ಡೀಫಾಲ್ಟ್ ಲೆವೆಲ್‌ನಲ್ಲಿ ಓಡುವುದಿಲ್ಲ, ಸರ್ಟಿಫಿಕೇಟ್ ಎಷ್ಟೇ ಹೊಸದಾಗಿದ್ದರೂ. ಗುಟ್ಟಿನ ಕೀ ಬೆರೆಸಿ ಹ್ಯಾಶ್ ಮಾಡುವ ಎಚ್‌ಮ್ಯಾಕ್-ಶಾ-1 ಬೇರೆ ವಿಷಯ, ಹ್ಯಾಶ್ ಜೋಡಿ ಹುಡುಕುವ ಈ ದಾಳಿ ಅದಕ್ಕೆ ತಟ್ಟುವುದಿಲ್ಲ.

ಪ್ರೈವೇಟ್ ಕೀ ಕಮಿಟ್ ಮಾಡಿದ್ದಕ್ಕೆ ಸೆಕ್ಯುರಿಟಿ ಸ್ಕ್ಯಾನರ್ ಕೂಗ್ತಿದೆ. ಟೆಸ್ಟ್ ಕೀ ಅಂದ್ರೂ ಕೇಳಲ್ಲ.

ಕೂಗಲಿ, ಅದರ ಕೆಲಸವೇ ಅದು. ಟೆಸ್ಟ್ ಕೀಗಳನ್ನು ಒಂದೇ ಫೋಲ್ಡರ್‌ನಲ್ಲಿಟ್ಟು ಆ ದಾರಿಗೆ ಮಾತ್ರ ವಿನಾಯಿತಿ ಕೊಡಿ. ಸರ್ಟಿಫಿಕೇಟ್‌ನ ಹೆಸರಿನಲ್ಲೇ ಇದು ಟೆಸ್ಟ್ ಎಂದು ಬರೆಯಿರಿ. ಹೋಸ್ಟ್‌ನೇಮ್‌ಗೆ ನಿಜವಾದ ಡೊಮೈನ್ ಬೇಡ, ಇಂಥ ಕೆಲಸಕ್ಕೆಂದೇ 1999ರಿಂದ ಕಾದಿರಿಸಿರುವ ಡಾಟ್ ಟೆಸ್ಟ್, ಡಾಟ್ ಇನ್‌ವ್ಯಾಲಿಡ್ ಇವೆ. ಟೆಸ್ಟ್ ಸಿಎಯನ್ನು ಡೆವಲಪರ್‌ಗಳ ಯಂತ್ರದ ಸಿಸ್ಟಮ್ ಟ್ರಸ್ಟ್ ಸ್ಟೋರ್‌ಗೆ ಮಾತ್ರ ಯಾವ ಕಾರಣಕ್ಕೂ ಸೇರಿಸಬೇಡಿ. ಅದರ ಕೀ ರಿಪಾಸಿಟರಿ ಓದಬಲ್ಲ ಎಲ್ಲರ ಕೈಯಲ್ಲೂ ಇದೆ.

ಹಳೆ ಸಾಧನಗಳ ಗ್ರಾಹಕರಿದ್ದಾರೆ, ಅವುಗಳಿಗೆ ಶಾ-1 ಬಿಟ್ಟು ಬೇರೆ ಗೊತ್ತಿಲ್ಲ. ಆಗ?

ಆಗ ಅದು ಉತ್ಪನ್ನದ ನಿರ್ಧಾರ, ಟೆಸ್ಟ್‌ನದ್ದಲ್ಲ. ಆ ದಾರಿಗೆ ಪ್ರತ್ಯೇಕ ಟೆಸ್ಟ್ ಗುಂಪು, ಪ್ರತ್ಯೇಕ ಕಾನ್ಫಿಗ್, ಪ್ರತ್ಯೇಕ ಪ್ರಕ್ರಿಯೆ ಇರಲಿ, ಅದರ ಸಡಿಲತೆ ಉಳಿದ ಟೆಸ್ಟ್‌ಗಳಿಗೆ ಸೋರದಿರಲಿ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ ಶಾ-1ರ ಬಳಕೆ 2030ರ ಡಿಸೆಂಬರ್ 31ರೊಳಗೆ ಪೂರ್ತಿ ನಿಲ್ಲಬೇಕೆಂದು ಹೇಳಿದೆ. ಆ ಟೆಸ್ಟ್ ಗುಂಪಿನ ತಲೆಯಲ್ಲಿ ನಿಮ್ಮದೇ ಕೊನೆಯ ದಿನಾಂಕವೊಂದನ್ನು ಬರೆಯಲು ಇದು ಒಳ್ಳೆಯ ನೆಪ.

ಇದೆಲ್ಲ ಮಾಡಿ ಮುಗಿಸೋ ಹೊತ್ತಿಗೆ ಕ್ವಾಂಟಮ್ ಅಂತ ಮತ್ತೆ ಬದಲಿಸಬೇಕಾಗುತ್ತಂತೆ. ಕಾಯೋದು ವಾಸಿ ಅಲ್ವಾ?

ಕಾಯುವುದರಿಂದ ಸಿಗುವುದೇನೂ ಇಲ್ಲ, ಶಾ-1 ಟೆಸ್ಟ್‌ಗಳು ಇವತ್ತೇ ಬಿದ್ದಿವೆ. ಆದರೆ ಪ್ರಶ್ನೆಯ ಹಿಂದಿನ ಅಳಲು ಸರಿಯೇ. ಕ್ವಾಂಟಮ್ ಕಂಪ್ಯೂಟರ್‌ಗಳ ದಾಳಿಯನ್ನೂ ತಡೆಯಲೆಂದು ರೂಪಿಸಿದ ಎಂಎಲ್-ಡಿಎಸ್‌ಎ ಎಂಬ ಹೊಸ ಸಹಿ ಪದ್ಧತಿಯನ್ನು ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲಿ ಮಾನದಂಡವಾಗಿಸಿತು, ಓಪನ್‌ಎಸ್‌ಎಸ್‌ಎಲ್ 3.5ರಲ್ಲಿ ಅದು ಬಂದೂ ಆಯಿತು. ಅಲ್ಲಿ ಹೆಸರಷ್ಟೇ ಬದಲಾಗುವುದಿಲ್ಲ, ಗಾತ್ರವೂ ಬದಲಾಗುತ್ತದೆ. 2048 ಬಿಟ್ ಆರ್‌ಎಸ್‌ಎ ಸಹಿ 256 ಬೈಟ್ ಇದ್ದರೆ ಎಂಎಲ್-ಡಿಎಸ್‌ಎ-65ರ ಸಹಿ 3309 ಬೈಟ್. ಎರಡು ಕಿಲೋಬೈಟ್‌ನ ಬಫರ್ ಸಾಕು ಎಂದು ಎಲ್ಲೋ ಬರೆದ ಕೋಡ್ ಆಗ ಬಯಲಾಗುತ್ತದೆ. ಈಗ ಬರೆಯುವ ಸ್ಕ್ರಿಪ್ಟ್‌ನಲ್ಲಿ ಅಲ್ಗಾರಿದಮ್ ಹೆಸರನ್ನು ಒಂದೇ ಕಡೆ ವೇರಿಯಬಲ್ ಆಗಿ ಇಟ್ಟಿದ್ದರೆ, ಅದನ್ನು ಎಂಎಲ್-ಡಿಎಸ್‌ಎ ಮಾಡಿ ಬೇರೆ ಬ್ರಾಂಚ್‌ನಲ್ಲಿ ಒಮ್ಮೆ ಓಡಿಸಿ ನೋಡಿ. ಯಾವ ಬಫರ್‌ಗಳು ಚಿಕ್ಕವು ಎಂಬುದು ಇವತ್ತೇ ತಿಳಿಯುತ್ತದೆ.